ದಂಡು ಬೀಡುಬಿಟ್ಟ ಜಾಗದ ಕಬ್ಬಿಣ: ಲೋಹ ಸಂರಕ್ಷಕಿಯನ್ನು ಕೇಳಿ

ನದಿದಂಡೆ: ಮೇಡಂ, ಹಳೇ ಸೇನಾ ಬೀಡಿನ ಹೊಲದಲ್ಲಿ ಸಿಕ್ಕ ಮೊಳೆಗಳಿವು, ಫೋಟೋ ಹಾಕಿದ್ದೇನೆ. ಎಷ್ಟು ಹಳೆಯವು?

ಸಂರಕ್ಷಕಿ: ಮೈ ಚೌಕವಾಗಿದೆ. ನಾಲ್ಕೂ ಮುಖ ತುದಿಗೆ ಸಣ್ಣಗಾಗಿದ್ದರೆ ಕಮ್ಮಾರ ಬಡಿದದ್ದು. ಎರಡೇ ಮುಖ ಸಣ್ಣಗಾಗಿದ್ದರೆ ಯಂತ್ರ ಕತ್ತರಿಸಿದ್ದು, 18ನೇ ಶತಮಾನದ ಕೊನೆಯಿಂದೀಚಿನದು. ಆದರೆ ಬಡಿದ ಮೊಳೆಯಿಂದಷ್ಟೇ ಕಾಲ ಹೇಳಲಾಗದು. ಸ್ಕಾಟ್ಲೆಂಡಿನ ಇಂಚ್‌ಟುಥಿಲ್ ರೋಮನ್ ಕೋಟೆಯಲ್ಲಿ ಸುಮಾರು 8.75 ಲಕ್ಷ ಮೊಳೆ ಹೂತಿಟ್ಟಿದ್ದರು. ಆ ಆಕಾರ 19ನೇ ಶತಮಾನದವರೆಗೂ ಹೆಚ್ಚೇನೂ ಬದಲಾಗಲಿಲ್ಲ. ಜೊತೆಗೆ ಏನೇನು ಸಿಕ್ಕಿತು?

ಮಣ್ಣಿನಮಗ: ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿದರೆ ಹೊಸದರ ಹಾಗಾಗುತ್ತಂತೆ, ವಾಟ್ಸಾಪಲ್ಲಿ ಬಂತು.

ಸಂರಕ್ಷಕಿ: ಬೇಡ. ಉಪಕರಣದ ಮೂಲ ಆಕಾರ ಆ ತುಕ್ಕಿನ ಪದರದಲ್ಲೇ ಇರುತ್ತದೆ. ಕೊಡಲಿಯ ತೂತಿನೊಳಗಿನ ತುಕ್ಕಿನಲ್ಲಿ ಕಾವಿನ ಮರದ ಎಳೆ ಅಚ್ಚಾಗಿ ಉಳಿದಿರುವುದುಂಟು. ತೊಳೆದರೆ ಅದೂ ಹೋಯಿತು.

ಹಳೇಗುಡಾರ: ಒಂದು ತುದಿ ಚೂಪು, ಇನ್ನೊಂದರಲ್ಲಿ ಬಳೆ. ಗುಡಾರದ ಗೂಟವಾ, ಕುದುರೆ ಕಟ್ಟುವುದಾ?

ಬೆಟ್ಟದಾಚೆ: ನನ್ನ ಫೋಟೋದಲ್ಲಿರುವುದು ಸುತ್ತಿಗೆ ತಲೆ ಇರಬೇಕು. ದುಂಡಗೆ, ಮುಷ್ಟಿಗಿಂತ ದೊಡ್ಡದು, ಕಾವಿಗೆ ತೂತಿದೆ. ನಾಳೆ ತುಕ್ಕು ತೆಗೆಯಲು ಗ್ರೈಂಡರ್ ಹಿಡಿಯುತ್ತೇನೆ.

ಸಂರಕ್ಷಕಿ: ದಯವಿಟ್ಟು ಮುಟ್ಟಬೇಡಿ! ಸುತ್ತಿಗೆಯ ತೂತು ಆಚೆಗೆ ಹಾಯ್ದಿರುತ್ತದೆ. ಇಲ್ಲಿ ಒಂದೇ ಕಡೆ ಕಾಣುತ್ತಿದೆ. ಇದು ಮದ್ದು ತುಂಬಿದ ಟೊಳ್ಳು ಫಿರಂಗಿ ಗುಂಡಾಗಿರಬಹುದು, ಆ ತೂತು ಬತ್ತಿ ಕೂರಿಸುವ ಜಾಗ. ನೂರಾರು ವರ್ಷ ನೆಲದಲ್ಲಿದ್ದರೂ ಮದ್ದು ಸತ್ತಿದೆ ಎಂದು ನಂಬುವ ಹಾಗಿಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಂತರ್ಯುದ್ಧ ಕಾಲದ ಗುಂಡನ್ನು ಸ್ವಚ್ಛ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ತೀರಿಕೊಂಡರು. ಅವರು ಅನುಭವಿ. ಅಲುಗಾಡಿಸಬೇಡಿ, ಕೊರೆಯಬೇಡಿ, ಗಾಡಿಯಲ್ಲಿ ಹಾಕಿಕೊಂಡು ಯಾರಿಗೂ ತೋರಿಸಲು ಹೋಗಬೇಡಿ. ಮನೆಯವರನ್ನೆಲ್ಲ ದೂರ ಕಳಿಸಿ, ಪೊಲೀಸರಿಗೆ ಈಗಲೇ ಫೋನ್ ಮಾಡಿ. ಮಾಡಿದ ಮೇಲೆ ಇಲ್ಲಿ ತಿಳಿಸಿ, ಕಾಯುತ್ತಿರುತ್ತೇನೆ.

ಕೊಡಲಿಬಲ್ಲವ: ಸುಮ್ಮನೆ ಹೆದರಿಸಬೇಡಿ. ನಾವು ಎಷ್ಟೋ ಗುಂಡು ಕೊರೆದಿದ್ದೀವಿ.

ನದಿದಂಡೆ: ನಿಮ್ಮ ಅದೃಷ್ಟ. ಮೆಟಲ್ ಡಿಟೆಕ್ಟರ್ ಹಿಡಿದು ಕಂಡಲ್ಲಿ ಅಗೆಯೋದೂ ನೀವೇ. ಕುಲುಮೆ ಎಲ್ಲಿತ್ತು, ಕುದುರೆ ಎಲ್ಲಿ ಕಟ್ಟುತ್ತಿದ್ದರು ಅಂತ ಗೊತ್ತಾಗೋದೇ ವಸ್ತು ಬಿದ್ದಿದ್ದ ಜಾಗದಿಂದ.

ಕೊಡಲಿಬಲ್ಲವ: ನಾವು ಎತ್ತದಿದ್ದರೆ ಟ್ರ್ಯಾಕ್ಟರ್ ಪುಡಿ ಮಾಡುತ್ತೆ. ನೀವೇನು ಉಳಿಸಿದ್ದೀರಿ?

ನದಿದಂಡೆ: ಒಂದಕ್ಕಾದರೂ ಜಾಗದ ಅಳತೆ ಬರೆದಿಟ್ಟಿದ್ದೀರಾ? ತೋರಿಸಿ.

ಕೆಂಪುಹೊಲ: ಮೇಡಂ, ಕೋಲಾದಲ್ಲಿ ನೆನೆಸಬಹುದಾ?

ಸಂರಕ್ಷಕಿ: ಬೇಡ. ಮೇಲೆ ಓದಿ.

ಮಣ್ಣಿನಮಗ: ಬೆಂಕಿಯಲ್ಲಿ ಕಾಯಿಸಿದರೆ ತುಕ್ಕು ತಾನೇ ಉದುರುತ್ತೆ ಅಂತ ಇನ್ನೊಂದು ಫಾರ್ವರ್ಡ್...

ಸಂರಕ್ಷಕಿ: ಅದನ್ನು ಅಳಿಸಿ. ಕಾಯಿಸಿದರೆ ಅಲಗಿಗೆ ಕಮ್ಮಾರ ಕೊಟ್ಟ ಹದದ ಗುರುತೇ ಹೋಗುತ್ತದೆ. ಓದಿದವರು ಯಾರಾದರೂ ಗುಂಡನ್ನೇ ಬೆಂಕಿಗಿಟ್ಟರೆ? ಬೆಟ್ಟದಾಚೆಯವರೇ, ಫೋನ್ ಮಾಡಿದಿರಾ?

ಬೆಟ್ಟದಾಚೆ: ಮಾಡಿದೆ. ಬರುತ್ತಿದ್ದಾರೆ. ಮಕ್ಕಳನ್ನು ಕಳಿಸಿದ್ದೇನೆ.

ಸಂರಕ್ಷಕಿ: ಒಳ್ಳೆಯದು. ನೀವೂ ಹತ್ತಿರ ಹೋಗಬೇಡಿ, ಇನ್ನೊಂದು ಫೋಟೋಗಂತೂ ಬೇಡವೇ ಬೇಡ.

ಕೊಡಲಿಬಲ್ಲವ: ಆಯ್ತು, ಇನ್ನು ಅದನ್ನು ಸಿಡಿಸಿಬಿಡ್ತಾರೆ.

ನದಿದಂಡೆ: ಸಿಡಿಸಲಿ ಬಿಡ್ರೀ. ನಿಮ್ಮ ಕೈಗೆ ಸಿಗೋದಕ್ಕಿಂತ ವಾಸಿ.