ಅಪ್‌ಡೇಟ್: ತೋಟದಲ್ಲಿ ಚಿರತೆ ಎದುರಾದ ಮೇಲೆ

ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ, ಸಂಜೆ ನಾಯಿ ಜೊತೆ ಹೋಗುವಾಗ ಚಿರತೆ ಎದುರಾಯಿತು, ಮುಂದೇನು ಮಾಡಲಿ ಅಂತ ಕೇಳಿದ್ದೆ. ಕರಿಯ ಆರಾಮಾಗಿದ್ದಾನೆ, ಒಂದು ಗೀರೂ ಇಲ್ಲ.

ನೀವು ಹೇಳಿದ ಹಾಗೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿದೆ. ಗಾರ್ಡ್ ಬಂದು ಬಸಿಗಾಲುವೆಯ ಕೆಸರಲ್ಲಿ ಹೆಜ್ಜೆ ತೋರಿಸಿದರು. ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತೇ ಇಲ್ಲ. ಪಕ್ಕದಲ್ಲೇ ಕರಿಯನ ಹೆಜ್ಜೆ, ಉಗುರು ಚುಚ್ಚಿದ್ದು ಎದ್ದು ಕಾಣುತ್ತಿತ್ತು. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತೆ ಅಲ್ವಾ, ಅದಕ್ಕೆ.

ಬೋನು ಇಡಿಸಿ ಅಂತ ಊರಲ್ಲಿ ಒತ್ತಾಯ ಜಾಸ್ತಿ. ನನಗೆ ಮನಸ್ಸಿಲ್ಲ. ಇದನ್ನು ಹಿಡಿದು ಸಾಗಿಸಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರಬಹುದು.

ಕರಿಯ ಈಗ ರಾತ್ರಿ ಒಳಗೇ ಮಲಗುತ್ತಾನೆ. ಅಂಗಳದಲ್ಲಿ ಕಟ್ಟಿದ ನಾಯಿಗೆ ಓಡಲೂ ದಾರಿ ಇರುವುದಿಲ್ಲ. ಚಿರತೆ ಬಾಯಿ ಹಾಕುವುದು ಕುತ್ತಿಗೆಗೇ, ಹಾಗಾಗಿ ಕುಲುಮೆಯಲ್ಲಿ ಮುಳ್ಳಿನ ಪಟ್ಟಿ ಮಾಡಿಸಿದೆವು. ಮುಸ್ಸಂಜೆ ತಿರುಗಾಟ ಬಂದ್. ಹಗಲು ಹೋದರೂ ಹಗ್ಗ ಗಿಡ್ಡ.

ರಸ್ತೆ ಬದಿ ಕೋಳಿ ತ್ಯಾಜ್ಯ ಸುರಿಯುವುದು ಇನ್ನೂ ನಿಂತಿಲ್ಲ. ಅದಕ್ಕೆ ಬೀದಿನಾಯಿ, ನಾಯಿಗೆ ಚಿರತೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ.

ಓಡಬೇಡಿ, ಬೆನ್ನು ತೋರಿಸಬೇಡಿ ಅಂತ ಬರೆದವರಿಗೆಲ್ಲ ಥ್ಯಾಂಕ್ಸ್. ಮನೆಯ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.