ಸೋಪು ಮಾಡೋಕೆ ಯಾವ ಹ್ಯಾಂಡ್ ಬ್ಲೆಂಡರ್? ಬಳಸಿದವರು ಹೇಳಿ

ಮೂಡಿಗೆರೆ: ಮನೆಯಲ್ಲೇ ಸೋಪು ಮಾಡಲು ಹ್ಯಾಂಡ್ ಬ್ಲೆಂಡರ್ ತಗೋಬೇಕು. ಒಂದು ಸಲಕ್ಕೆ ಒಂದು ಕೆಜಿ ಎಣ್ಣೆ. ಯಾವುದು ಬಾಳಿಕೆ ಬರುತ್ತೆ? ತೊಳೆಯೋದು ಹೇಗೆ?

ಬೇಲೂರು: ಬ್ರ್ಯಾಂಡು ಆಮೇಲೆ, ಮೊದಲು ತುದಿ ಯಾವ ಲೋಹ ನೋಡಿ. 899 ಕೊಟ್ಟು ತಂದೆ. ಅಂಗಡಿಯವರು ‘ಪೂರ್ತಿ ಸ್ಟೀಲ್’ ಅಂದಿದ್ದರು. ಕಾಸ್ಟಿಕ್ (ಎಣ್ಣೆಯನ್ನು ಸೋಪಾಗಿಸೋ ಕಾಸ್ಟಿಕ್ ಸೋಡಾ) ಬೆರೆತ ಎಣ್ಣೆಗೆ ಇಳಿಸಿದ್ದೇ ತಡ, ಬ್ಲೇಡಿನ ಸುತ್ತಲಿನ ಬಟ್ಟಲಿಂದ ಗುಳ್ಳೆ ಏಳತೊಡಗಿತು. ಎತ್ತಿ ನೋಡಿದರೆ ಹೊಳಪು ಹೋಗಿ ಕಪ್ಪು. ಅಲ್ಯೂಮಿನಿಯಂ! ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತೆ. ತೆಂಗಿನೆಣ್ಣೆ, ಆಲಿವ್ ಎಣ್ಣೆ, ಹರಳೆಣ್ಣೆ, ಎಲ್ಲ ಚೆಲ್ಲಿದೆ. ಕೇಳಲು ಹೋದರೆ ‘ನಾವು ಲಸ್ಸಿಗೆ ಕೊಟ್ಟಿದ್ದು’ ಅಂದರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಕೊಪ್ಪ: ಸ್ಟೀಲ್ ಇದ್ದರೆ ಸಾಲದು. ನಮ್ಮದು ಸ್ಟೀಲ್ ತುದಿ, 200 ವ್ಯಾಟ್, 1,150 ರೂಪಾಯಿ. ಮಳೆಗಾಲ, ವೋಲ್ಟೇಜ್ ಇಲ್ಲ. ಸೋಪಿನ ಹಿಟ್ಟು ಗಟ್ಟಿಯಾಗುತ್ತಿದ್ದ ಹಾಗೇ ಮೋಟಾರ್ ಸುಟ್ಟ ವಾಸನೆ. ರಿಪೇರಿಗೆ 450, ಬಸ್ ಚಾರ್ಜು ಬೇರೆ. ತಿಂಗಳೊಳಗೆ ಮತ್ತೆ ನಿಂತಿತು. ಈಗಿರೋದು 600 ವ್ಯಾಟ್, 2,390. ತುದಿ ಕಳಚಿ ಬರುತ್ತೆ. ಓರೆಯಾಗಿ ಇಳಿಸಿ ಗಾಳಿ ಹೊರಡಿಸುತ್ತೇನೆ. ಐದು ಸೆಕೆಂಡ್ ಓಡಿಸಿ, ಆಫ್ ಮಾಡಿ, ಅದರಲ್ಲೇ ಕದಡೋದು. ಇದುವರೆಗೆ ಒಂದು ದೂರಿಲ್ಲ.

ಅರಸೀಕೆರೆ: ಸುಮ್ನೆ ಖರ್ಚು. ಸ್ಟೀಲ್ ಸೌಟು ಸಾಕು. ನಮ್ಮ ಮನೆಯ ತೆಂಗಿನೆಣ್ಣೆ ಸೋಪು ಸೌಟಲ್ಲೇ ಆಗೋದು.

ಕೊಪ್ಪ: ಆಲಿವ್ ಜಾಸ್ತಿ ಹಾಕಿ ತಿರುಗಿಸಿ ನೋಡಿ. ಗಂಟೆಗಟ್ಟಲೆ ನಿಂತರೂ ಟ್ರೇಸ್, ಅಂದರೆ ಎಣ್ಣೆ-ಕಾಸ್ಟಿಕ್ ಕೂಡಿ ಗಟ್ಟಿಯಾಗೋ ಹದ, ಬರಲ್ಲ. ರಟ್ಟೆ ಬಿದ್ದುಹೋಗುತ್ತೆ.

ಅರಸೀಕೆರೆ: ನಿಮಗೆ ಬರೋದು ನಿಜವಾದ ಟ್ರೇಸಾ? ಚಳಿಯಲ್ಲಿ 24 ಡಿಗ್ರಿಗಿಂತ ಕೆಳಗಿಳಿದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತೆ. ಅದನ್ನೇ ಟ್ರೇಸ್ ಅಂದುಕೊಂಡು ಅಚ್ಚಿಗೆ ಸುರೀತಾರೆ. ಆಮೇಲೆ ಎಣ್ಣೆ ಬೇರೆ, ನೀರು ಬೇರೆ.

ಬಾಳೆಹೊನ್ನೂರು: ತೊಳೆಯೋದನ್ನೂ ಕೇಳಿದ್ದಾರೆ ಅಲ್ವಾ? ಹಸಿ ಹಿಟ್ಟು ಪೇಪರಲ್ಲಿ ಒರೆಸಿ ಹಾಗೇ ಬಿಡಿ. ಮಾರನೇ ದಿನ ಉಳಿದಿದ್ದೂ ಸೋಪಾಗಿರುತ್ತೆ, ಬಿಸಿನೀರಿಗೆ ಬಿಟ್ಟುಕೊಳ್ಳುತ್ತೆ.

ಬೇಲೂರು: ಒಪ್ಪಲ್ಲ. ಒಣಗಿದರೆ ಬ್ಲೇಡಿನ ಬುಡದಲ್ಲೇ ಕೂರುತ್ತೆ. ಪ್ಲಗ್ ಕಿತ್ತು, ಗ್ಲೌಸ್ ಹಾಕಿ ಆಗಲೇ ಒರೆಸಿ. ಆಮೇಲೆ ಬಿಸಿನೀರಿನ ಜಗ್ಗಲ್ಲಿ ಒಂದೆರಡು ಸುತ್ತು. ಮೋಟಾರ್ ಭಾಗಕ್ಕೆ ನೀರು ತಾಗಬಾರದು. ಆ ತುದಿ ಮತ್ತೆ ಅಡುಗೆಗೆ ಬೇಡ.

ಬಾಳೆಹೊನ್ನೂರು: ಬುಡ ಹಾಳಾಗೋದು ಸೋಪಿಂದಲ್ಲ, ಸೋಪಿಗೆ ಹಾಕೋ ಕಾಫಿ ಚರಟದಿಂದ. ಎಲ್ಲರೂ ಬ್ಲೆಂಡ್ ಮಾಡುವಾಗಲೇ ಹಾಕ್ತಾರೆ. ಟ್ರೇಸ್ ಬಂದ ಮೇಲೆ ಸೌಟಲ್ಲಿ ಬೆರೆಸಬೇಕು.

ಬೇಲೂರು: ನಾನು ಚರಟ ಹಾಕೋದೇ ಇಲ್ಲ. ತಣ್ಣಗಿನ ಡಿಕಾಕ್ಷನ್ನಲ್ಲಿ ಕಾಸ್ಟಿಕ್ ಕರಗಿಸ್ತೀನಿ.

ಬಾಳೆಹೊನ್ನೂರು: ಅಬ್ಬಾ, ಆ ನಾತ! ಕಾಫಿ ಘಮ ಒಂಚೂರೂ ಉಳಿಯಲ್ಲ.

ಬೇಲೂರು: ಘಮಕ್ಕೆ ಯಾರು ಹಾಕ್ತಾರೆ? ಬಣ್ಣಕ್ಕೆ ಹಾಕೋದು. ನಾತ ಒಣಗೋ ಹೊತ್ತಿಗೆ ಹೋಗಿರುತ್ತೆ. ಮಾಡಿ ನೋಡಿ, ಆಮೇಲೆ ಮಾತಾಡಿ.