ಧಾರವಾಡದಾಗ ಎಂಎಸ್ಸಿ ಓದಾಕ ತಂಗಿ ಬರ್ತಾಳ, ತಿಂಗಳಿಗಿ ಖರೇನ ಎಷ್ಟು ರೊಕ್ಕ ಬೇಕು?

ಯಲಬುರ್ಗಾ_ಹೈದ

ಎಲ್ಲಾರ್ಗೂ ನಮಸ್ಕಾರ. ನನ್ನ ತಂಗಿಗಿ ಕರ್ನಾಟಕ ಯೂನಿವರ್ಸಿಟಿ ಒಳಗ ಎಂಎಸ್ಸಿ ಕೆಮಿಸ್ಟ್ರಿ ಸೀಟ್ ಸಿಕ್ಕೈತಿ. ನಮ್ಮದು ಕೊಪ್ಪಳ ಜಿಲ್ಲೆ, ಮನ್ಯಾಗ ಒಕ್ಕಲುತನ. ನಾ ಹೊಸಪೇಟಿ ಕಡೆ ಫ್ಯಾಕ್ಟರಿ ಕೆಲಸಕ್ಕ ಇದ್ದೀನಿ, ತಿಂಗಳಾ ಏಳು ಸಾವಿರ ಮಟ ಕಳಸ್ತೀನಿ, ಅದರ ಮ್ಯಾಲೆ ಕಷ್ಟ ಐತಿ. ಅವ್ವ ತನ್ನ ಗೃಹಲಕ್ಷ್ಮಿ 2000 ಬಂದಾಗ ಅದನ್ನೂ ಅಕಿಗೇ ಕೊಡ್ತೀನಿ ಅಂತಾಳ. ಒಬ್ರು ಧಾರವಾಡ ಭಾಳ ಅಗ್ಗ ಅಂತಾರ, ಇನ್ನೊಬ್ರು ಹತ್ತು ಸಾವಿರ ಇಲ್ದ ಆಗಂಗಿಲ್ಲ ಅಂತಾರ, ಯಾರ ಮಾತು ಕೇಳ್ಬೇಕೋ ತಿಳೀವಲ್ದು. ಹಾಸ್ಟೆಲ್ ಸಿಗತೈತೋ ಇಲ್ಲೋ, ಪಿಜಿ ಚಲೋನೋ ರೂಮ್ ಚಲೋನೋ, ಊಟದ್ದ ಹೆಂಗ, ಅಕಿ ಮನಿ ಬಿಟ್ಟು ಎಂದೂ ಇದ್ದಾಕಿ ಅಲ್ಲ. ನಾವು ಹಿಂದುಳಿದ ವರ್ಗದ 2ಎ ಒಳಗ ಬರ್ತೀವಿ. ಗೊತ್ತಿದ್ದವ್ರು ಖರೆ ಲೆಕ್ಕ ಹೇಳ್ರಿ.

ಪಾವಟೆನಗರ_ಹಳೇ_ಹುಡುಗ

ಮೊದಲ ತಂಗಿಗಿ ಅಭಿನಂದನೆ ತಿಳಸ್ರಿ ಅಣ್ಣಾರ, ಕೆಯುಡಿ ಒಳಗ ಕೆಮಿಸ್ಟ್ರಿ ಸೀಟ್ ಅಂದ್ರ ಸಣ್ಣ ಮಾತಲ್ಲ.

ಏಳು ಸಾವಿರದಾಗ ಆರಾಮ ಆಗತೈತಿ, ಆದ್ರ ಒಂದು ಮಾತು ಯಾರೂ ಹೇಳಂಗಿಲ್ಲ, ಅದನ್ನ ನಾ ಹೇಳ್ತೀನಿ. ಇಲ್ಲಿ ಬಡ ಮನಿ ಹುಡುಗ್ರು ಸೋಲೋದು ತಿಂಗಳ ಖರ್ಚಿಗೆ ಅಲ್ಲ, ಮೊದಲ ಎರಡು ಮೂರು ತಿಂಗಳಕ್ಕ. ಅಡ್ಮಿಷನ್ ಫೀ ಕಟ್ಟಬೇಕು, ಹಾಸ್ಟೆಲ್ ಅಲಾಟ್ ಆಗಿರಂಗಿಲ್ಲ ಹಂಗಾಗಿ ಹೊರಗ ಇರಬೇಕು, ಅಲ್ಲಿ ಅಡ್ವಾನ್ಸ್ ಕೇಳ್ತಾರ, ಗಾದಿ ಬಕೀಟು ಅಂತ ಹೇಳಿ ಸಾಮಾನು ತರಬೇಕು, ಏಪ್ರನ್ನು ರೆಕಾರ್ಡು ಬ್ಯಾರೆ, ಸ್ಕಾಲರ್‌ಶಿಪ್ ರೊಕ್ಕ ಅಂತೂ ಅಷ್ಟೊತ್ತಿಗೆ ಬರೋ ಮಾತೇ ಇಲ್ಲ. ನನ್ನ ಸಂಗಡ ಇದ್ದ ಒಬ್ಬ ಶಾಣ್ಯಾ ಹುಡುಗ ಇದಕ್ಕೇ ಬ್ಯಾಸತ್ತು ಮೊದಲನೇ ಸೆಮ್‌ನಾಗೇ ಊರಿಗೆ ಹೋಗಿಬಿಟ್ಟ, ಇವತ್ತಿಗೂ ನನಗ ಆ ಸಂಕಟ ಐತಿ. ಅದಕ್ಕ ತಿಂಗಳಿನ ಏಳು ಸಾವಿರ ಒಂದು ಕಡೆ ಇರ್ಲಿ, ಶುರುವಿಗೆ ಒಂದು ಇಪ್ಪತ್ತೈದು ಸಾವಿರ ಬ್ಯಾರೆ ಜೋಡಿಸಿ ಇಟ್ಕೋರಿ. ಬಡ್ಡಿ ಸಾಲ ಬ್ಯಾಡ, ಬೀಗರಿಂದನೋ ಸಂಘದಿಂದನೋ ಆದ್ರ ನೋಡ್ರಿ.

ಹಾಸ್ಟೆಲ್ ವಿಷಯ. ಕ್ಯಾಂಪಸ್ಸಿನೊಳಗ ಎಂಎ ಎಂಎಸ್ಸಿ ಓದೋ ಹುಡುಗ್ಯಾರ ಹಾಸ್ಟೆಲ್ ಅದಾವ, ಊಟದ್ದು ಡಿವೈಡಿಂಗ್ ಸಿಸ್ಟಮ್, ಅಂದ್ರ ತಿಂಗಳ ಖರ್ಚು ಎಲ್ಲಾರೂ ಹಂಚಕೊಳ್ಳೋದು, ಹೊರಗಿನ ಪಿಜಿಗಿಂತ ಭಾಳ ಕಮ್ಮಿ ಬೀಳತೈತಿ. ಅದಕ್ಕೂ ಅರ್ಜಿ ಹಾಕ್ರಿ, ಜೊತಿಗೆ ಸರ್ಕಾರದ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್‌ಗೂ ಆನ್‌ಲೈನ್ ಹಾಸ್ಟೆಲ್ ಪೋರ್ಟಲ್ಲಿನಾಗ ಹಾಕಿಬಿಡ್ರಿ, ಅಲ್ಲಿ ಊಟ ವಸತಿ ಎರಡೂ ಪುಕ್ಕಟ್ಟೆ. ಸಿಗಲಿಲ್ಲಂದ್ರ ವಿದ್ಯಾಸಿರಿ ಐತಿ, ಅಂದ್ರ ಹಾಸ್ಟೆಲ್ ಸಿಗದವ್ರಿಗೆ ಊಟ ವಸತಿಗಂತ ಸರ್ಕಾರ ಕೊಡೋ ರೊಕ್ಕ. ನಾ ಓದೋವಾಗ ತಿಂಗಳಿಗಿ 1500ರಂಗ 10 ತಿಂಗಳದ್ದು, ವರ್ಷಕ್ಕ 15 ಸಾವಿರ ಅಕೌಂಟಿಗೆ ಬಂದಿತ್ತು. ಹಾಸ್ಟೆಲ್‌ಗೆ ಅರ್ಜಿನೇ ಹಾಕದವರಿಗೆ ಇದು ಸಿಗೋದು ಕಷ್ಟ, ಹಂಗಾಗಿ ಸಿಗೂದಿಲ್ಲ ಬಿಡು ಅಂತ ಅರ್ಜಿ ಹಾಕೋದು ಮಾತ್ರ ಬಿಡಬ್ಯಾಡ್ರಿ.

ಇನ್ನೊಂದು, ಎಸ್‌ಎಸ್‌ಪಿ (ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಒಳಗ ಹೆಸರು ಆಧಾರಿನಾಗ ಇದ್ದಂಗ ಮಾರ್ಕ್ಸ್ ಕಾರ್ಡಿನಾಗ ಇರಬೇಕು, ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಚಾಲ್ತಿ ಇರಬೇಕು, ಬ್ಯಾಂಕ್ ಅಕೌಂಟಿಗೆ ಆಧಾರ್ ಸೀಡಿಂಗ್ ಆಗಿರಬೇಕು. ಬರೇ ಲಿಂಕ್ ಆಗೈತಿ ಅಂದ್ರ ಸಾಲಂಗಿಲ್ಲ, ಎನ್‌ಪಿಸಿಐ ಮ್ಯಾಪಿಂಗ್, ಅಂದ್ರ ಸರ್ಕಾರದ ರೊಕ್ಕ ಆ ಅಕೌಂಟಿಗೇ ಬರೋಹಂಗ ಆಧಾರ್ ಜೋಡಣಿ, ಆಗೈತೇನು ಅಂತ ಬ್ಯಾಂಕಿನಾಗ ಕೇಳ್ರಿ. ಊರಾಗ ಇದ್ದಾಗೇ ನಾಡಕಚೇರಿ ಬ್ಯಾಂಕು ಎಲ್ಲಾ ಮುಗಿಸಿ ಕಳಸ್ರಿ, ಇಲ್ಲಿ ಬಂದ ಮ್ಯಾಲೆ ಕ್ಲಾಸ್ ಬಿಟ್ಟು ಅಡ್ಡಾಡೋದ ಆಗತೈತಿ.

ಸಪ್ತಾಪುರದ_ಅಕ್ಕ

ನಮ್ಮ ಮನಿ ಮ್ಯಾಲಿನ ರೂಮು ನಾವೂ ಓದೋ ಹುಡುಗ್ಯಾರಿಗೇ ಕೊಡ್ತೀವ್ರೀ, ಅದಕ್ಕ ಒಂದೆರಡು ಮಾತು. ರೂಮ್ ನೋಡಾಕ ಬಂದವ್ರು ಎಲ್ಲಾರೂ ಬಾಡಗಿ ಕೇಳ್ತಾರ, ನೀರು ಯಾರೂ ಕೇಳಂಗಿಲ್ಲ! ಧಾರವಾಡದಾಗ ಮಲಪ್ರಭಾ ನೀರು ಭಾಳ ಏರಿಯಾಕ್ಕ ದಿನಾ ಬರಂಗಿಲ್ಲ, ಕೆಲವು ಕಡೆ ವಾರಕ್ಕೊಮ್ಮೆ, ಕೆಲವು ವಾರ್ಡಿಗೆ ಮಾತ್ರ 24 ತಾಸು ಐತಿ. ಅದಕ್ಕ ನೀರು ಎಷ್ಟು ದಿನಕ್ಕೊಮ್ಮೆ ಬರತೈತಿ, ಸಂಪ್ ಎಷ್ಟು ದೊಡ್ಡದು, ಬೋರ್ ಐತೇನು, ಬ್ಯಾಸಗಿ ಒಳಗ ಟ್ಯಾಂಕರ್ ತರಿಸಿದ್ರ ರೊಕ್ಕ ಯಾರು ಕೊಡೋದು, ಇಷ್ಟೂ ಕೇಳ್ರಿ. ಮೊದಲ ಬಾಡಗಿ ಐದ್ನೂರು ಕಮ್ಮಿ ಅಂತ ಹೋಗಿ ಆಮ್ಯಾಲೆ ಕ್ಯಾನ್ ನೀರಿಗೇ ಅಷ್ಟು ಹೋಗತೈತಿ.

ಲೈಟ್ ಬಿಲ್ಲು ಬಾಡಗಿ ಒಳಗೋ ಹೊರಗೋ ಅದನ್ನೂ ಕೇಳ್ರಿ. ಮತ್ತ ಜೂನ್ ಜುಲೈ ಇಲ್ಲಿ ಜಿಟಿಜಿಟಿ ಮಳಿ ನಿಂತ ಹೋಗಂಗಿಲ್ಲ, ನಿಮ್ಮ ಕಡೆಯವ್ರಿಗೆ ರೂಢಿ ಇರಂಗಿಲ್ಲ. ಬಟ್ಟಿ ಒಣಗಾಕ ಜಾಗ ಇರೋ ಮನಿ ನೋಡ್ರಿ, ದಪ್ಪನ ಹೊದಿಕಿ ಒಂದು ಕೊಟ್ಟು ಕಳಸ್ರಿ. ಅಕಿ ಡಿಪಾರ್ಟ್‌ಮೆಂಟಿಗೆ ನಡಕೋಂತ ಹೋಗಬೇಕಂದ್ರ ಸಪ್ತಾಪುರಕ್ಕಿಂತ ಶ್ರೀನಗರ ಸರ್ಕಲ್, ಕಲ್ಯಾಣ ನಗರ ಕಡೆ ಚಲೋ.

ತೀರ್ಥಹಳ್ಳಿ_ಹುಡುಗಿ

ನಾನು ಮಲೆನಾಡ ಕಡೆಯವಳು, ಇಲ್ಲೇ ಸ್ನಾತಕೋತ್ತರ ಓದು ಮುಗಿಸಿ ಈಗ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದ್ತಾ ಇದೀನಿ. ನನ್ನ ತಿಂಗಳ ಲೆಕ್ಕ ಹೇಳ್ತೀನಿ ಅಣ್ಣ, ಇಬ್ಬರು ಸೇರಿ ರೂಮ್ ಮಾಡಿದೀವಿ, ನನ್ನ ಪಾಲಿಗೆ ಬಾಡಿಗೆ ಎರಡೂವರೆ ಸಾವಿರ, ಗ್ಯಾಸು ದಿನಸಿ ತರಕಾರಿ ಒಂದೂವರೆ ಸಾವಿರ, ಮಧ್ಯಾಹ್ನ ಒಂದೊಂದಿನ ಖಾನಾವಳಿ, ರೀಡಿಂಗ್ ರೂಮಿಗೆ ಆರುನೂರು, ಮೊಬೈಲು ಜೆರಾಕ್ಸು ಸೋಪು ಎಲ್ಲಾ ಹಿಡಿದ್ರೂ ಆರೂವರೆ ಸಾವಿರ ದಾಟಲ್ಲ. ಊಟದ ಜೊತೆ ಪಿಜಿ ಅಂದ್ರೆ ಐದೂವರೆ ಆರು ಸಾವಿರ ಅದಕ್ಕೇ ಹೋಗುತ್ತೆ. ಬೆಂಗಳೂರಲ್ಲಿ ವಿಜಯನಗರದ ಕಡೆ ಕೋಚಿಂಗಿಗೆ ಇದ್ದ ನನ್ನ ಫ್ರೆಂಡ್‌ಗೆ ಬರೀ ಬೆಡ್ಡಿಗೇ ಇಷ್ಟಾಗ್ತಿತ್ತು.

ಬಸ್ಸಿನ ಚಿಂತೆ ಬೇಡ, ಶಕ್ತಿ ಯೋಜನೆ ಇದೆ. ಆಧಾರ್ ಇಟ್ಕೊಂಡಿದ್ರೆ ಸಿಟಿ ಬಸ್ಸಲ್ಲೂ ಊರಿಗೆ ಹೋಗೋ ಮಾಮೂಲಿ ಸರ್ಕಾರಿ ಬಸ್ಸಲ್ಲೂ ಟಿಕೆಟ್ ಇಲ್ಲ. ಹುಬ್ಬಳ್ಳಿಗೆ ಹೋಗೋ ಚಿಗರಿ ಬಸ್ಸು ಎಸಿ ಆದ್ದರಿಂದ ಅದಕ್ಕೆ ದುಡ್ಡು ಕೊಡ್ಬೇಕು ಅಷ್ಟೆ.

ಊಟದ ಬಗ್ಗೆ ಅಮ್ಮನಿಗೆ ಧೈರ್ಯ ಹೇಳಿ. ಖಾನಾವಳಿಲಿ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಹಸಿ ಈರುಳ್ಳಿ, ಅನ್ನ ಸಾರು ಮಜ್ಜಿಗೆ, ಇಷ್ಟೂ ಒಂದು ತಟ್ಟೇಲಿ ಕೊಟ್ಟು ಇನ್ನೂ ಬೇಕಾ ಅಂತ ಕೇಳೋ ಊರು ಇದು, ಅನ್ನ ತಿಂದು ಬೆಳೆದ ನನಗೇ ಈಗ ರೊಟ್ಟಿ ಇಲ್ದೆ ಊಟ ಆಗಲ್ಲ. ಮನೇಲೇ ರೊಟ್ಟಿ ಬಡಿದು ಲೆಕ್ಕದ ಮೇಲೆ ಮಾರೋ ಅಕ್ಕಂದಿರೂ ಇದಾರೆ, ಅವರಿಂದ ರೊಟ್ಟಿ ತಂದು ಪಲ್ಯ ಒಂದು ಮಾಡ್ಕೊಂಡ್ರೆ ಅರ್ಧ ಖರ್ಚು ಉಳಿಯುತ್ತೆ.

ಒಂದೇ ಎಚ್ಚರ. ಇಡೀ ಊರೇ ಕಾಂಪಿಟಿಟಿವ್ ಎಕ್ಸಾಮ್ ಓದುತ್ತೆ, ಗೋಡೆ ತುಂಬಾ ಕೋಚಿಂಗ್ ಬೋರ್ಡು, ಬಂದ ಹೊಸದರಲ್ಲೇ ಹದಿನೈದು ಇಪ್ಪತ್ತು ಸಾವಿರ ಕಟ್ಟಿ ಸೇರ್ಕೊಳ್ಳೋಣ ಅನ್ಸುತ್ತೆ. ಎಂಎಸ್ಸಿ ಮೊದಲ ವರ್ಷ ಲ್ಯಾಬ್ ಮುಗಿಯೋದೇ ಸಂಜೆಗೆ, ಆಗ ಕೋಚಿಂಗ್ ಬೇಡವೇ ಬೇಡ. ಅದೇ ದುಡ್ಡು ಮುಂದೆ ಲೆಕ್ಚರರ್ ಆಗೋಕೆ ಬರೆಯೋ ನೆಟ್, ಕೆಸೆಟ್ ಪರೀಕ್ಷೆ ಪುಸ್ತಕಕ್ಕೆ ಇಟ್ಕೊಳ್ಳಿ, ಯೂನಿವರ್ಸಿಟಿ ಲೈಬ್ರರಿ ಇದ್ದೇ ಇದೆ.

ಯಲಬುರ್ಗಾ_ಹೈದ

ಎಲ್ಲಾರ್ಗೂ ಭಾಳ ಉಪಕಾರ ಆತ್ರಿ. ನೀರಿನ ಮಾತಂತೂ ನಮ್ಮ ತಲ್ಯಾಗೇ ಇರ್ಲಿಲ್ಲ ಅಕ್ಕಾರ. ಇನ್ನೆರಡು ಕೇಳ್ತೀನಿ. ಅಕಿ ಬಿಎಸ್ಸಿ ಮುಗಿಸ್ಯಾಳ, ಯುವನಿಧಿ 3000 ಬರತೈತಿ ಅದರಾಗ ಬಾಡಗಿ ಆಗತೈತಿ ಅಂತ ಊರಾಗ ಒಬ್ರು ಹೇಳಿದ್ರು, ಖರೇನಾ? ಮತ್ತ ಅವ್ವ ವಾರಕ್ಕೊಮ್ಮೆ ರೊಟ್ಟಿ ಬುತ್ತಿ ಬಸ್ಸಿಗೆ ಕೊಟ್ಟು ಕಳಸ್ತೀನಿ ಅಂತ ಹಠ ಹಿಡದಾಳ, ಇಷ್ಟು ದೂರಕ್ಕ ಆಗತೈತೇನು?

ಪಾವಟೆನಗರ_ಹಳೇ_ಹುಡುಗ

ಯುವನಿಧಿ ಲೆಕ್ಕಕ್ಕ ಹಿಡೀಬ್ಯಾಡ್ರಿ. ಅದು ಡಿಗ್ರಿ ಮುಗಿಸಿ ಆರು ತಿಂಗಳಾದ್ರೂ ಕೆಲಸ ಸಿಗದೇ ಇದ್ದವ್ರಿಗೆ, ಮುಂದ ಓದಾಕ ಸೇರಿದವ್ರಿಗೆ ಬರಂಗಿಲ್ಲ. ಸುಳ್ಳು ಹೇಳಿ ಹಾಕಿದ್ರ ಮುಂದ ತೊಂದ್ರಿ.

ಬುತ್ತಿ ಮಾತ್ರ ಕಳಸ್ರಿ! ಸವದತ್ತಿ, ಬೈಲಹೊಂಗಲ, ನವಲಗುಂದ ಕಡೆ ಹುಡುಗ್ರಿಗೆ ಮುಂಜಾನೆ ಬಸ್ಸಿಗೆ ಬುತ್ತಿ ಬರೋದು ಇಲ್ಲಿ ಮೊದಲಿಂದ ನಡಕೊಂಡು ಬಂದೈತಿ, ಎಷ್ಟೋ ಮಂದಿ ಆ ಬುತ್ತಿ ಮ್ಯಾಲೇ ಓದಿ ನೌಕರಿ ಹಿಡದಾರ. ನಿಮ್ಮ ಊರಿಂದ ಗದಗ ಮ್ಯಾಲೆ ಬರಬೇಕು, ಬಿಸಿ ಪಲ್ಯ ಹಳಸತೈತಿ, ಅದಕ್ಕ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿ ಕಳಸಾಕ ಹೇಳ್ರಿ, ಹದಿನೈದು ದಿನ ಏನೂ ಆಗಂಗಿಲ್ಲ. ಅವ್ವಗೂ ಶಕ್ತಿ ಒಳಗ ಪುಕ್ಕಟ್ಟೆ ಅಲ್ಲೇನ್ರೀ, ತಿಂಗಳಿಗೊಮ್ಮೆ ತಾವ ತಗೊಂಡು ಬಂದು ಮಗಳ ರೂಮು ನೋಡಿ ಹೋಗ್ಲಿ.

ಸಪ್ತಾಪುರದ_ಅಕ್ಕ

ಹೌದ್ರೀ, ಅವ್ವಾರ್ನ ಮೊದಲ ಸಲ ರೂಮ್ ನೋಡಾಕೇ ಕರಕೊಂಡು ಬರ್ರಿ. ಅಡ್ವಾನ್ಸ್ ಕೊಡೋಕಿಂತ ಮೊದಲ ಆ ಮನ್ಯಾಗ ಈಗ ಇರೋ ಹುಡುಗ್ಯಾರ್ನ ಒಂದೈದು ನಿಮಿಷ ಬ್ಯಾರೆ ಮಾತಾಡಸ್ರಿ, ಕೊಟ್ಟ ರೊಕ್ಕಕ್ಕ ಚೀಟಿ ಬರಿಸ್ಕೋರಿ. ಬರೋವಾಗ ಸೋಮವಾರ ಬರ್ರಿ, ರವಿವಾರ ಹುಡುಗ್ಯಾರು ಊರಿಗೆ ಹೋಗಿರ್ತಾರ, ಕೇಳಾಕ ಯಾರೂ ಸಿಗಂಗಿಲ್ಲ.